ಟೇಪಣ್ಣನ ಜರ್ಮನ್ ಕಾರಿಗೆ ಟ್ರಯಲ್

ಟೇಪಣ್ಣನ ಕೊರಳಲ್ಲಿ ಅಳತೆಯ ಟೇಪು ಇಲ್ಲದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿಲ್ಲ. ಸ್ನಾನಕ್ಕೂ ಅದನ್ನು ಹಾಕಿಕೊಂಡೇ ಹೋಗುತ್ತಾನೆಂದು ಅವನ ಹೆಂಡತಿಯ ತಮ್ಮ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಕಸುಬಿನಲ್ಲಿ ದರ್ಜಿ. ಕೈ ಬಂಗಾರ, ಬಾಯಿ ಮಾತ್ರ ಬರೀ 'ನಾಳೆ'. ನಾಳೆ ಬನ್ನಿ ಎಂದರೆ ಅದು ನಾಡಿದ್ದೂ ಆಗಬಹುದು, ಆಚೆ ವಾರವೂ ಆಗಬಹುದು. ಅವನು ಹೊಲಿದ ಕೋಟು ತೊಟ್ಟವರೆಲ್ಲ ಅವನನ್ನು ಬಾಯ್ತುಂಬ ಹೊಗಳುತ್ತಿದ್ದರು. ಆದರೆ ಯಾವ ಸಮಾರಂಭಕ್ಕೆಂದು ಹೊಲಿಸಿದ್ದರೋ ಅದು ಮುಗಿದ ಮೇಲೆ ಹೊಗಳುತ್ತಿದ್ದರು. ಹೇಳಿದ ದಿನಕ್ಕೆ ಹೇಳಿದ್ದನ್ನು ಕೊಟ್ಟ ಚರಿತ್ರೆಯೇ ಅವನಿಗಿರಲಿಲ್ಲ.

ಇದನ್ನು ಎಲ್ಲರಿಗಿಂತ ಹೆಚ್ಚು ಅನುಭವಿಸಿದವಳು ಹೆಂಡತಿ. ಅವಳು ಶಾಲೆಯಲ್ಲಿ ಟೀಚರು. ಪ್ರತಿ ವರ್ಷ ಶಾಲೆ ಶುರುವಾಗುವ ದಿನಕ್ಕೆ ಅವಳಿಗೊಂದು ಹೊಸ ಅಂಗಿ ಹೊಲಿದುಕೊಡುತ್ತೇನೆಂದು ಇವನು ಮಾತು ಕೊಡುವುದು, ಗಿರಾಕಿಗಳದ್ದು ಮೊದಲು ಮನೆಯವರದ್ದು ಆಮೇಲೆ ಎಂದು ಅದನ್ನು ಕಪಾಟಿನ ತಳಕ್ಕೆ ತಳ್ಳುವುದು, ಅರ್ಧ ವರ್ಷ ಕಳೆದ ಮೇಲೆ ಅಂಗಿ ಅವಳ ಕೈ ಸೇರುವುದು. ಒಂದು ವರ್ಷ ಅವಳು ಹಠ ಹಿಡಿದಳೆಂದು ಅವಸರದಲ್ಲಿ ಗುಂಡುಸೂಜಿ ತೆಗೆಯದೆಯೇ ಕೊಟ್ಟುಬಿಟ್ಟಿದ್ದ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗಲೆಲ್ಲ ಟೀಚರು ಮುಖ ಹಿಂಡುವುದನ್ನು ನೋಡಿ, ಇವತ್ತಿನ ಲೆಕ್ಕ ಅವರಿಗೂ ಕಷ್ಟವೆಂದು ಮಕ್ಕಳು ಸಮಾಧಾನಪಟ್ಟುಕೊಂಡಿದ್ದರು.

ಅಂಥ ಟೇಪಣ್ಣ ಒಂದು ಸಂಜೆ, ಹೆಂಡತಿ ಬಸ್ಸಿನಲ್ಲಿ ನಿಂತು ನಿಂತು ಊದಿದ ಕಾಲನ್ನು ಬಿಸಿನೀರಿನಲ್ಲಿ ಇಳಿಬಿಟ್ಟು ಕೂತಿದ್ದಾಗ, ಯಾರೂ ಕೇಳದಿದ್ದರೂ ಒಂದು ಮಾತು ಕೊಟ್ಟುಬಿಟ್ಟ. ಅವಳು ನಿವೃತ್ತಿಯಾಗುವ ದಿನ ಶಾಲೆಯ ಗೇಟಿಗೆ ಕಾರು ತರುತ್ತೇನೆ, ಕಡೆಯ ದಿನವಾದರೂ ಮಹಾರಾಣಿಯ ಹಾಗೆ ಕೂತು ಮನೆಗೆ ಬರಬೇಕು ಎಂದ. ಅವಳು ಕಾಲನ್ನು ನೀರಿನಿಂದ ಎತ್ತಿ ಅವನ ಕಡೆ ತಿರುಗಿದಳು.

"ಬರಲ್ಲ ಅಂದ್ರೆ ಬೇಜಾರಿಲ್ಲ ರೀ, ಬಸ್ಸಿದೆ. ಬರ್ತೀನಿ ಅಂದು ಬರದೆ ಇರಬೇಡಿ. ಎಲ್ಲರ ಮುಂದೆ ಗೇಟಲ್ಲಿ ನಿಂತು ನಿಮ್ಮ ದಾರಿ ಕಾಯೋಕೆ ನನ್ನ ಕೈಲಾಗಲ್ಲ."

ಬಂದೇ ಬರುತ್ತೇನೆ ಎಂದ. ಅವಳು ನಂಬಿದಳೋ ಬಿಟ್ಟಳೋ, ಮರುದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿಬಿಟ್ಟಿದ್ದಳು. ಅಲ್ಲಿಗೆ ಟೇಪಣ್ಣನಿಗೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು.

ಕಾರು ಸಿಕ್ಕಿದ್ದು ಹಳೆಯ ಗಿರಾಕಿಯೊಬ್ಬ ಡಾಕ್ಟರರಿಂದ. ಅವರ ಮನೆಯ ಹಿಂದೆ ಟಾರ್ಪಾಲಿನ ಕೆಳಗೆ ಒಂದು ಜರ್ಮನ್ ಕಾರು ವರ್ಷಗಟ್ಟಲೆ ಮಲಗಿತ್ತು. ಉದ್ದಕ್ಕೆ ಕಪ್ಪಗೆ, ಒಳಗೆಲ್ಲ ಚರ್ಮ ಮತ್ತು ಮರ, ಒಂದು ಕಾಲದಲ್ಲಿ ಮಂತ್ರಿಗಳು ಓಡಾಡುತ್ತಿದ್ದಂಥದ್ದು. ಟೇಪಣ್ಣ ಬಾಯಿಬಿಟ್ಟು ಕೇಳುವ ಮೊದಲೇ ಡಾಕ್ಟರು ಬೀಗದಕೈ ಅವನ ಅಂಗೈಯಲ್ಲಿಟ್ಟು, ಒಯ್ಯುವುದಾದರೆ ಈಗಲೇ ಒಯ್ಯಿ ಎಂದರು. ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬೀದಿಗೆ ತಂದಿದ್ದೇ ತಡ, ಡಾಕ್ಟರು ಗೇಟು ಹಾಕಿ ಒಳಗಿನಿಂದ ಚಿಲಕ ಜಡಿದುಕೊಂಡರು. ಆಗಲೇ ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಪುಣ್ಯಾತ್ಮನಿಗೆ.

ಅಂಗಡಿಯ ಎದುರಿಗೇ ಒಂದು ಗ್ಯಾರೇಜಿತ್ತು. ಗ್ಯಾರೇಜಿನವನು ಬಾನೆಟ್ಟು ಎತ್ತಿ ಒಳಗೆ ಇಣುಕಿದ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಏನಾಗಿದೆ ಇದಕ್ಕೆ ಎಂದು ಟೇಪಣ್ಣ ಕೇಳಿದ.

"ಏನಾಗಿಲ್ಲ ಅಂತ ಕೇಳಿ ಅಣ್ಣ, ಬೇಗ ಮುಗಿಯುತ್ತೆ."

ಅಷ್ಟು ಹೇಳಿ ಹೋದವನು ಅಂದಿನಿಂದ ಟೇಪಣ್ಣ ಬಾನೆಟ್ಟು ಎತ್ತಿದ ಸದ್ದು ಕೇಳಿದರೆ ಸಾಕು, ತನ್ನ ಗ್ಯಾರೇಜಿನ ಶಟರು ಎಳೆದುಬಿಡುತ್ತಿದ್ದ. ಟೇಪಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಯಾವ ದೊಡ್ಡ ಬ್ರಹ್ಮವಿದ್ಯೆ ಇದು! ಎಂಥೆಂಥ ಕೋಟನ್ನು ಹೊಲಿಗೆ ಬಿಚ್ಚಿ, ಹರಡಿ, ನೋಡಿ, ಮತ್ತೆ ಕೂಡಿಸಿದ ಕೈ ಇದು. ಬಿಚ್ಚಿದರೆ ತಾನಾಗಿ ತಿಳಿಯುತ್ತದೆ ಎಂದುಕೊಂಡು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಕಾರನ್ನು ಬಿಚ್ಚತೊಡಗಿದ. ಸಹಾಯಕ್ಕೆ ಬಾಮೈದ. ಅವನಿಗೆ ಬೇರೆ ಕೆಲಸವಿರಲಿಲ್ಲ. ಈ ಕೆಲಸವೂ ಬರುತ್ತಿರಲಿಲ್ಲ.

ಕೋಟು ಬಿಚ್ಚಿದರೆ ಕೋಟೇ ಸಿಗುತ್ತದೆ. ಈ ಕಾರು ಹಾಗಲ್ಲ. ಮುಂದಿನ ದೀಪದ ಬಲ್ಬು ಬದಲಿಸಲು ಬಂಪರ್ ಬಿಚ್ಚಬೇಕು, ಬಂಪರ್ ಬಿಚ್ಚಲು ಚಕ್ರ ತೆಗೆಯಬೇಕು, ಚಕ್ರದ ಒಂದು ಬೋಲ್ಟಿಗೆ ಮಾತ್ರ ಬೇರೆಯದೇ ಕೀಲಿ ಬೇಕು, ಆ ಕೀಲಿ ಕಾರಿನ ಡಿಕ್ಕಿಯಲ್ಲಿ, ಡಿಕ್ಕಿ ಸುತರಾಂ ತೆರೆಯುವುದಿಲ್ಲ. ನಕ್ಷತ್ರದ ಆಕಾರದ ತೂತಿನ ಸ್ಕ್ರೂ ಇದೆಯೆಂದು ನಕ್ಷತ್ರದ ಸ್ಕ್ರೂಡ್ರೈವರ್ ತಂದರೆ, ಅದರ ಪಕ್ಕದ್ದಕ್ಕೆ ಇನ್ನೂ ಹೆಚ್ಚು ಮೂಲೆಯ ಬೇರೆ ನಕ್ಷತ್ರ. ಪ್ಲಾಸ್ಟಿಕ್ಕಿನ ಕ್ಲಿಪ್ಪುಗಳಂತೂ ಕೈ ತಗಲುವ ಮೊದಲೇ, ಬರೀ ಕಣ್ಣು ಬಿದ್ದರೇ ಮುರಿಯುತ್ತಿದ್ದವು. ಒಂದನ್ನು ಸರಿಮಾಡಿದರೆ ಇನ್ನೊಂದು ಕೈಕೊಡುತ್ತಿತ್ತು. ಹಾರನ್ನು ಒತ್ತಿದರೆ ವೈಪರು ಓಡುತ್ತಿದ್ದುದನ್ನು ಕಷ್ಟಪಟ್ಟು ನಿಲ್ಲಿಸಿದ ಮೇಲೆ, ಬ್ರೇಕು ಒತ್ತಿದರೆ ಸುತ್ತಲಿನ ಕಿಟಕಿಗಳೆಲ್ಲ ತಾವಾಗಿ ಕೆಳಗಿಳಿಯತೊಡಗಿದವು. ಅದನ್ನು ಹಾಗೇ ಬಿಟ್ಟ. ಗಾಳಿ ಬರಲಿ ಎಂದ.

ಎದುರಿನ ಪುಟ್ಟ ಪರದೆಯ ಮೇಲೆ ಆಗಾಗ ಜರ್ಮನ್ ಭಾಷೆಯಲ್ಲಿ ಏನೋ ಕೆಂಪಗೆ ಮೂಡುತ್ತಿತ್ತು. ಬಾಮೈದ ಅದನ್ನು ಫೋನಿಗೆ ತೋರಿಸಿ ಅನುವಾದ ಮಾಡಿಸುತ್ತಿದ್ದ. "ಎಡಭಾಗದ ಸುಖ ಲಭ್ಯವಿಲ್ಲ" ಎಂದು ಬಂತು ಒಮ್ಮೆ. ಇನ್ನೊಮ್ಮೆ "ಶಾಂತವಾಗಿ ನಿಲ್ಲಿ ಮತ್ತು ದೂರ ಹೋಗಿ" ಎಂದಿತು. ನನ್ನ ಶೆಡ್ಡಿನಲ್ಲಿ ನಿಂತು ನನಗೇ ದೂರ ಹೋಗು ಅನ್ನುತ್ತದಲ್ಲ ಎಂದು ಟೇಪಣ್ಣ ಚಕ್ರಕ್ಕೆ ಒದ್ದು, ಆಮೇಲೆ ಕುಂಟುತ್ತ ಓಡಾಡಿದ.

ಕೂಡಿಸುವಾಗ ಒಂದಿಷ್ಟು ನಟ್ಟುಬೋಲ್ಟು ಮಿಕ್ಕವು. ಬಾಮೈದ ಹೌಹಾರಿದ. ಟೇಪಣ್ಣನಿಗೆ ಮಾತ್ರ ಹೆಮ್ಮೆಯೋ ಹೆಮ್ಮೆ. ಒಳ್ಳೆಯ ಕೈಯಲ್ಲಿ ಕತ್ತರಿಸಿದರೆ ಬಟ್ಟೆ ಮಿಗಲೇಬೇಕು ಎಂದು ಅವನ್ನು ಗುಂಡಿಗಳ ಡಬ್ಬಿಗೆ ಹಾಕಿಟ್ಟ. ಅವನು ಯಾವುದನ್ನೂ ಎಸೆಯುವವನಲ್ಲ. ಒಮ್ಮೆ ಎಣ್ಣೆ ಒರೆಸಲು ಚಿಂದಿ ಸಿಗದೆ ಬಾಮೈದ ಮೂಲೆಯಲ್ಲಿ ಬಟ್ಟೆಚೂರು ತುಂಬಿಟ್ಟಿದ್ದ ದಿಂಬಿನ ಚೀಲಕ್ಕೆ ಕೈಹಾಕಿ ಒಂದು ನೀಲಿ ಚೂರು ಎಳೆದದ್ದೇ, ಟೇಪಣ್ಣ ಕಾರಿನಡಿಯಿಂದ ತಲೆ ಬಡಿಸಿಕೊಂಡು ಎದ್ದು ಬಂದು ಕಿತ್ತುಕೊಂಡಿದ್ದ. ಅದೇ ವಾರ ಕಾರಿನ ಒಳಗಿನ ಚಾವಣಿಯ ಬಟ್ಟೆ ಪೂರ್ತಿ ಜೋತುಬಿದ್ದು ತಲೆಗೆ ತಗಲತೊಡಗಿತು. ಆ ಕೆಲಸಕ್ಕೆ ಮಾತ್ರ ಬಾಮೈದನನ್ನು ಹೊರಗೆ ಕಳಿಸಿ, ಹೊಲಿಗೆಯಂತ್ರವನ್ನು ಶೆಡ್ಡಿಗೆ ಒಯ್ದು, ಬಾಗಿಲು ಹಾಕಿಕೊಂಡು ಒಬ್ಬನೇ ಕೂತ.

ಹೆಂಡತಿ ಅತ್ತ ತಲೆಯೇ ಹಾಕಲಿಲ್ಲ. ಟೇಪಣ್ಣನಿಗೆ ಅದೇ ದೊಡ್ಡ ಪೀಕಲಾಟ. ಕಾರಿನ ಮಿದುಳಿನಂಥ ಪೆಟ್ಟಿಗೆ ಅವಳು ಕೂರಬೇಕಾದ ಮುಂದಿನ ಸೀಟಿನ ಕೆಳಗಿತ್ತು, ಅದಕ್ಕೆ ನೀರು ಹೊಕ್ಕಿತ್ತು. ಸೀಟನ್ನು ಬಿಚ್ಚಿ, ಪೆಟ್ಟಿಗೆ ಒಣಗಿಸಿ, ಮತ್ತೆ ಸೀಟು ಕೂರಿಸಿದ್ದ. ಆದರೆ ಬೋಲ್ಟುಗಳನ್ನು ಬಿಗಿದಿರಲಿಲ್ಲ, ಕೈಯಿಂದ ಅರ್ಧ ತಿರುಗಿಸಿ ಬಿಟ್ಟಿದ್ದ. ಅದು ಅವನ ಕಸುಬಿನ ನೇಮ. ಮೊದಲು ಕಚ್ಚಾ ಹೊಲಿಗೆ, ಆಮೇಲೆ ತೊಡುವವರನ್ನು ಕರೆದು ಟ್ರಯಲ್, ಅದು ಸರಿಹೋದ ಮೇಲೇ ಪಕ್ಕಾ ಹೊಲಿಗೆ. ಅವಳ ಕಾಲಿನ ಅಳತೆ ನೋಡದೆ ಅವಳ ಸೀಟನ್ನು ಬಿಗಿಯುವುದೆಂದರೆ ಅವನ ಮಟ್ಟಿಗೆ ಅನಾಚಾರ. ಒಂದೇ ಒಂದು ಸಲ ಬಂದು ಕೂತು ಹೋಗು ಎಂದು ಗೋಗರೆದ. ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅರ್ಧಂಬರ್ಧ ಆಗಿದ್ದನ್ನು ತೊಟ್ಟು ತೊಟ್ಟು ನನಗೆ ಸಾಕಾಗಿದೆ, ಪೂರ್ತಿ ಆದಮೇಲೇ ಕೂರುತ್ತೇನೆ, ಅದೂ ಆ ದಿನವೇ ಎಂದುಬಿಟ್ಟಳು.

ಆ ದಿನ ಬಂತು. ಬೆಳಿಗ್ಗೆಯಿಂದ ಮುನಿಸಿಕೊಂಡಿದ್ದ ಎಂಜಿನ್ನು ಊಟದ ಹೊತ್ತಿಗೆ ಹೇಗೋ ಗುಡುಗಿ ಎದ್ದಿತು. ಒಮ್ಮೆ ಆರಿದರೆ ಮತ್ತೆ ಹೊತ್ತುವ ನಂಬಿಕೆ ಇಲ್ಲ. ಟೇಪಣ್ಣ ಕಾಲನ್ನು ಎಕ್ಸಿಲರೇಟರಿನಿಂದ ಎತ್ತದೆಯೇ ಹೊಸ ಕೋಟನ್ನು ಕೂತಲ್ಲೇ ತೊಟ್ಟ. ಬಾಮೈದ ಹಿಂದಿನ ಸೀಟು ಹತ್ತಿದ.

"ಭಾವ, ಅಕ್ಕನ ಸೀಟು ಅಲ್ಲಾಡ್ತಾ ಇದೆ."

"ಟ್ರಯಲ್ ಆಗಿಲ್ಲ ಕಣೋ. ಅವಳು ಕೂತ ಮೇಲೆ ನೋಡಿ ಬಿಗಿಯೋಣ," ಎಂದು ಕೋಟಿನ ಜೇಬಿನಲ್ಲಿದ್ದ ಸ್ಪ್ಯಾನರನ್ನು ತಟ್ಟಿ ತೋರಿಸಿದ.

ಶಾಲೆಯ ಕಡೆಯ ಗಂಟೆ ಹೊಡೆಯುವುದಕ್ಕೂ ಕಪ್ಪು ಕಾರು ಗೇಟಿಗೆ ಬರುವುದಕ್ಕೂ ಸರಿಹೋಯಿತು. ಮೇಷ್ಟರುಗಳು, ಟೀಚರುಗಳು, ಆಯಾ, ಎಲ್ಲರೂ ಸಾಲಾಗಿ ನಿಂತಿದ್ದರು. ಅವರ ನಡುವೆ ಅವಳು, ಕೈಯಲ್ಲಿ ಹೂಗುಚ್ಛ ಹಿಡಿದು, ಬಸ್ಸು ಬರುವ ದಿಕ್ಕಿಗೇ ಮುಖ ಮಾಡಿ ನಿಂತಿದ್ದಳು. ಕಾರು ಕಂಡಾಗ ಅವಳ ಮುಖ ಅರಳಿದ್ದನ್ನು ನೋಡಿ ಟೇಪಣ್ಣ ಹಿಗ್ಗಿಹೋದ. ಆ ಸಂತೋಷದಲ್ಲಿ ಸ್ಪ್ಯಾನರು, ಟ್ರಯಲ್ಲು, ಬೋಲ್ಟು ಎಲ್ಲ ತಲೆಯಿಂದ ಮಂಗಮಾಯ. ಅವಳು ಗಂಭೀರವಾಗಿ ಹತ್ತಿ ಕೂತಳು, ಬಾಗಿಲು ಹಾಕಿಕೊಂಡಳು, ಎಲ್ಲರಿಗೂ ಕೈಬೀಸಿದಳು. ಅವನು ಗೇರು ಹಾಕಿ ಕಾಲು ಒತ್ತಿದ.

ಕಾರು ಮುಂದಕ್ಕೆ ಜಿಗಿಯಿತು. ಸೀಟು ಇದ್ದಲ್ಲೇ ಇದ್ದು, ಹಿಂದಕ್ಕೆ ಮಗುಚಿತು. ಟೀಚರು ಅಂಗಾತವಾಗಿ, ಕಾಲು ಮೇಲೆ, ಹೂಗುಚ್ಛ ಎಲ್ಲೋ. ಟೇಪಣ್ಣ ಗಾಬರಿಬಿದ್ದು ಬ್ರೇಕು ಒತ್ತಿದ. ಕಿಟಕಿಗಳೆಲ್ಲ ಮೆಲ್ಲಗೆ, ಒಟ್ಟಿಗೇ, ಕೆಳಗಿಳಿದು ಇಡೀ ಸ್ಟಾಫಿಗೆ ಒಳಗಿನ ದೃಶ್ಯವನ್ನು ತೋರಿಸಿಕೊಟ್ಟವು. ಎಂಜಿನ್ನು ಒಮ್ಮೆ ಕೆಮ್ಮಿ ಸತ್ತಿತು. ಸೀಟಿನ ಕೆಳಗಿನಿಂದ ಬಾಮೈದ ಕ್ಷೀಣವಾಗಿ "ಅಕ್ಕಾ" ಎಂದ.

ಟೇಪಣ್ಣ ಸ್ಟೀರಿಂಗಿಗೆ ಹಣೆ ಹಚ್ಚಿಕೊಂಡ. ಮುಗಿಯಿತು, ಇನ್ನು ಈ ಜನ್ಮದಲ್ಲಿ ಅವಳು ತನ್ನ ಮಾತು ನಂಬುವುದಿಲ್ಲ ಎಂದುಕೊಂಡ. ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಬೈಗುಳಕ್ಕೆ ಕಾದ, ಅದು ಬರಲಿಲ್ಲ.

"ರೀ," ಎಂದಳು ಅವಳು ಮಲಗಿದಲ್ಲಿಂದಲೇ. "ಇದು ಆ ನೀಲಿ ಅಲ್ವಾ? ಗುಂಡುಸೂಜಿದು?"

ಅವನು ತಲೆ ಎತ್ತದೆ ಹೂಂ ಎಂದ.

ಕಾರಿನ ಚಾವಣಿಯ ತುಂಬ ಅವಳ ಅಂಗಿಗಳನ್ನು ಹೊಲಿದು ಮಿಕ್ಕ ಚೂರುಗಳಿದ್ದವು. ಕೆಲಸಕ್ಕೆ ಸೇರಿದ ವರ್ಷದ ಹಸಿರು ಮುಂದಿನ ಗಾಜಿನ ಬಳಿ, ಆಮೇಲಿನ ಒಂದೊಂದು ವರ್ಷದ್ದೂ ಸಾಲಾಗಿ, ಅವಳ ಅಮ್ಮ ತೀರಿಕೊಂಡ ವರ್ಷದ ಬೂದಿಬಣ್ಣ ನಡುವೆ, ಈಗ ಮೈಮೇಲಿರುವ ಮಾಸಲು ಕೆಂಪು ತೀರ ಹಿಂದೆ. ತಡವಾಗಿ ಕೊಟ್ಟ ಅಂಗಿಗಳೆಲ್ಲ ಅಲ್ಲಿದ್ದವು. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ. ನೆಟ್ಟಗೆ ಕೂತಿದ್ದರೆ ಹಸಿರೊಂದೇ ಕಾಣುತ್ತಿತ್ತೇನೋ.

ಹೆಡ್ಮಾಸ್ಟರು ಕಿಟಕಿಗೆ ಬಗ್ಗಿ, ಪೆಟ್ಟಾಯಿತೇ, ಎತ್ತಲೇ ಎಂದು ವಿಚಾರಿಸಿದರು. ಏಳುವುದಿಲ್ಲ, ಹೀಗೇ ಚೆನ್ನಾಗಿದೆ, ಆದರೆ ನಾಲ್ಕು ಜನ ಸೇರಿ ಕಾರನ್ನು ತಳ್ಳಿದರೆ ಉಪಕಾರವಾಗುತ್ತದೆ ಎಂದಳು ಅವಳು. ಅವಳ ಮಾತನ್ನು ಆ ಶಾಲೆಯಲ್ಲಿ ಯಾರೂ ಮೀರಿದವರಲ್ಲ. ಲೆಕ್ಕದ ಮೇಷ್ಟರು, ಡ್ರಿಲ್ ಮೇಷ್ಟರು, ಹೆಡ್ಮಾಸ್ಟರು ಕೂಡ ಕೋಟು ಕಳಚಿ ಕೈಹಚ್ಚಿದರು. ಬಸ್‌ಸ್ಟಾಪು ದಾಟುವಾಗ ಅವಳ ಬಸ್ಸು ನಿಂತಿತ್ತು. ಕಂಡಕ್ಟರು ಬಗ್ಗಿ ನೋಡಿದರೆ ಕಿಟಕಿಯಲ್ಲಿ ಒಂದು ಕೈ ಮಾತ್ರ ಆಡುತ್ತಿತ್ತು. ಬಾಮೈದ ತನ್ನ ಕಾಲು ಜೋಮುಹಿಡಿಯಿತೆಂದು ಗೊಣಗುತ್ತಿದ್ದ. ಅವನ ಗೊಣಗಾಟವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಹೇಳಿದ ದಿನಕ್ಕೇ ಬಂದ್ರಿ," ಎಂದಳು ಸ್ವಲ್ಪ ದೂರ ಹೋದ ಮೇಲೆ.

ಟೇಪಣ್ಣ ಸ್ಟೀರಿಂಗು ತಿರುಗಿಸುತ್ತ ಕಣ್ಣೊರೆಸಿಕೊಂಡ. ಅದಕ್ಕೆ ಟೇಪಿನ ತುದಿಯೇ ಸಿಕ್ಕಿತು.

"ಈ ಸೀಟು ಪಕ್ಕಾ ಮಾಡೋದು ಯಾವಾಗ?"

"ನಾಳೆ," ಎಂದುಬಿಟ್ಟ, ಬಾಯಿಗೆ ರೂಢಿಯಾದದ್ದು.

ಅವಳು ನಕ್ಕಳು. "ಅವಸರ ಏನಿಲ್ಲ ಬಿಡಿ," ಎಂದು, ಮತ್ತೆ ಚಾವಣಿಯ ಹಸಿರಿನಿಂದ ನೋಡತೊಡಗಿದಳು.