ಕಬ್ಬಿಣದ ಪೊಲೀಸನ ಕಥೆ ಹೇಳಿದವರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹಳದೀಪುರದಲ್ಲಿ ಟೀಚರ್ ಆಗಿದ್ದಾಗ, ಹೊನ್ನಾವರದಿಂದ ಟೀವಿ, ವಿಸಿಆರ್ ಬಾಡಿಗೆಗೆ ತರುವವರೊಬ್ಬರಿದ್ದರು. ವೀಡಿಯೊದವರು ಎಂದೇ ಎಲ್ಲರೂ ಕರೆಯುತ್ತಿದ್ದರು. ಬಸ್ಸಿನಲ್ಲಿ ಟೀವಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬರುವರು. ಯಾರು ಏನು ಕೇಳಿದರೂ "ಎಂತ ಹೆದ್ರಿಕೆ? ನಾ ಇಲ್ವಾ ಇಲ್ಲಿ?" ಎನ್ನುವರು.

ಒಂದು ಶನಿವಾರ ಮಕ್ಕಳಿಗೆ ಕಾರ್ಟೂನ್ ತರಲು ಹೇಳಿದ್ದೆ. ಅರ್ಧ ಮನುಷ್ಯ, ಅರ್ಧ ಯಂತ್ರವಾದ ಪೊಲೀಸನ ಕಥೆ. ದೊಡ್ಡವರ ಹೊಡೆದಾಟದ ಇಂಗ್ಲಿಷ್ ಸಿನಿಮಾವನ್ನೇ ಮಕ್ಕಳಿಗಾಗಿ ಕಾರ್ಟೂನ್ ಮಾಡಿದ್ದರು. ಎರಡಕ್ಕೂ ಒಂದೇ ಹೆಸರು. ಭಟ್ಕಳದ ಕ್ಯಾಸೆಟ್ ಅಂಗಡಿಯಿಂದ ಅವರ ಕೈಗೆ ಬಂದದ್ದು ಸಿನಿಮಾ.

ಪರದೆಯ ಮೇಲೆ ಗುಂಡು ತಗಲಿ ಪೊಲೀಸ ಬಿದ್ದ. ಮಕ್ಕಳು ಕಿರುಚಿದರು. ವೀಡಿಯೊದವರು ಟೀವಿಗೆ ಅಡ್ಡ ನಿಂತು, ಕೈ ಹಿಂದೆ ಚಾಚಿ ಅದನ್ನು ಆರಿಸಿದರು.

"ತಪ್ಪು ನಂದು ಟೀಚರ್, ಹಾಕಿ ನೋಡದೆ ತಂದೆ" ಎಂದು, ಮಕ್ಕಳ ಕಡೆ ತಿರುಗಿದರು. "ಅವ ಸಾಯ್ಲಿಲ್ಲ. ಮುಂದೆ ಎಂತ ಆತು ಅಂತ ನಾ ಹೇಳ್ತೆ, ಕೇಳಿ."

ಬಿದ್ದವನನ್ನು ಕುಮಟೆಗೆ ಒಯ್ದರಂತೆ. ದೋಣಿಯ ಇಂಜಿನ್ ರಿಪೇರಿ ಮಾಡುವವ ಅವನಿಗೆ ಕಬ್ಬಿಣದ ಕೈಕಾಲು ಜೋಡಿಸಿದನಂತೆ. ಆ ಕಬ್ಬಿಣದ ಹೆಜ್ಜೆಯ ಸದ್ದು ಕೇಳಿಸಲು ಅವರು ಬೆಂಚು ಬಡಿದರು. ಅಳುತ್ತಿದ್ದ ಹುಡುಗಿಯೊಬ್ಬಳು ಮೂಗು ಒರೆಸಿಕೊಂಡು ಹತ್ತಿರ ಸರಿದಳು.

ಅಷ್ಟರಲ್ಲಿ ಹೆಡ್‌ಮಾಸ್ಟರು ಬಾಗಿಲಿಗೆ ಬಂದು, "ಟೀವಿ ಯಾಕೆ ಬಂದ್ ಆಗಿದೆ?" ಎಂದು ಗದರಿದರು.

ಅದೇ ಹುಡುಗಿ ತಿರುಗಿ ನೋಡಿದಳು. "ಸುಮ್ನೆ ಕೂತ್ಕಳಿ ಸರ್. ಪೊಲೀಸ ಈಗಷ್ಟೇ ಎದ್ದು ನಿಂತ."