ಜಗಲಿಯ ಮೇಲಿದ್ದ ಗಂಟೆ

ಆ ದಿನ ನಸುಕಿನಲ್ಲಿ ಅಂಗಳ ಸಾರಿಸಿದೆ, ಬೇಳೆ ಬೇಯಿಸಿ ಹೂರಣ ರುಬ್ಬಿದೆ, ದನಗಳ ಕೊರಳ ಗಂಟೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಛಟ್ಟಿ ಅಮಾವಾಸ್ಯೆ. ಅಮಾವಾಸ್ಯೆಗೆ ಗಂಟೆಗಳನ್ನೆಲ್ಲ ಬಿಚ್ಚಿ ದೇವರ ಜಗಲಿಯ ಮೇಲಿಟ್ಟು ಪೂಜಿಸಿ, ಮರುದಿನವೇ ಮತ್ತೆ ಕಟ್ಟುವುದು ನಮ್ಮ ಮನೆಯ ಪದ್ಧತಿ. ಅಂದು ದನಗಳು ಬರಿಗೊರಳಲ್ಲೇ ಮೇಯಲು ಹೋಗುತ್ತವೆ.

ವಿಚಿತ್ರ ಕತೆಗಳನ್ನು ಯಾರಾದರೂ ಹೇಳಿದರೆ ನಕ್ಕು ಎದ್ದು ಹೋಗುತ್ತಿದ್ದವಳು ನಾನು. ನೀವೂ ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಸಂಜೆ ಎಲ್ಲ ದನ ಬಂದವು, ಕೆಂಪಿ ಬರಲಿಲ್ಲ. ತವರಿನಿಂದ ಕರುವಾಗಿದ್ದಾಗ ತಂದು ಸಾಕಿದ ಆಕಳು; ಚೊಚ್ಚಲು, ತುಂಬು ಗಬ್ಬ. ಯಲಬುರ್ಗಾ ಕಡೆಯ ನಮ್ಮ ಗುಡ್ಡದಲ್ಲಿ ತೋಳಗಳಿವೆ. ಹುಲ್ಲಿನಲ್ಲೇ ಈದರೆ ಕರು ಬೆಳಗು ಕಾಣುವುದಿಲ್ಲ. ಅತ್ತೆಗೆ ದೀಪ ಹಚ್ಚಲು ಹೇಳಿ ನಾನೂ ನನ್ನ ಗಂಡನೂ ಗುಡ್ಡ ಹತ್ತಿದೆವು.

ಗುಡ್ಡದ ನೆತ್ತಿ ಮಲಗಿದ ಎತ್ತಿನ ಬೆನ್ನಿನಂತೆ ಉದ್ದಕ್ಕಿದೆ. ಈಚೆ ಬದಿ ಇಳಿಜಾರು, ಆಚೆ ಬದಿ ಗೋಡೆ ಕಡಿದಂತೆ ದರಿ. ಎದೆಮಟ್ಟ ಬೆಳೆದ ಹುಲ್ಲು ಒಣಗಿ, ದರಿಯ ಅಂಚನ್ನೇ ಮುಚ್ಚಿತ್ತು. ಹೆಸರು ಹಿಡಿದು ಕೂಗುತ್ತ ನಡೆದೆವು.

“ನಿಮ್ಮ ತವರಮನಿ ದನ ನೋಡು, ಸುಮ್ನ ಕರದ್ರ ಬರೂದಿಲ್ಲ, ಮರ್ಯಾದಿ ಮಾಡಿ ಕರೀಬೇಕು,” ಎಂದರು ಇವರು. ಮಾತು ಚೇಷ್ಟೆಯದು, ಕಾಲು ಮಾತ್ರ ಅವಸರದಲ್ಲಿದ್ದವು.

ಹೊತ್ತು ಮುಳುಗಿತು. ಇನ್ನು ಮುಂದೆ ಹೋದರೆ ಕಾಲಡಿ ನೆಲವಿದೆಯೋ ಇಲ್ಲವೋ ತಿಳಿಯದು, ಹೊರಳೋಣ ಎನ್ನುವಷ್ಟರಲ್ಲಿ ಎಡಗಡೆ ಗಂಟೆ ಕೇಳಿಸಿತು. ಕೆಂಪಿಯದೇ. ಅದು ಸೀಳು ಬಿಟ್ಟ ಗಂಟೆ. ಟಣ್ ಅನ್ನದೆ ಟಕ್ ಅನ್ನುತ್ತಿತ್ತು. ಸದ್ದಿನ ಹಿಂದೆಯೇ ಹುಲ್ಲು ಸರಿಸಿಕೊಂಡು ಓಡಿದೆವು. ದರಿಯ ಅಂಚಿಗೆ ಎರಡು ಮಾರು ಈಚೆ ಕೆಂಪಿ ನಿಂತಿದ್ದಳು, ಒದ್ದೆ ಕರುವನ್ನು ನೆಕ್ಕುತ್ತ.

ಇವರು ಕರುವನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸಿದರು. ನಾನು ಕೆಂಪಿಯ ಕೊರಳು ಸವರಿದೆ. ಬರಿಗೊರಳು. ಆಗಲೇ ನೆನಪಾದದ್ದು.

ಇವರು ಮೆಲ್ಲಗೆ ಕೇಳಿದರು: “ನಿನಗೂ ಕೇಳಿಸ್ತಲ್ಲ?”

“ಹೂನ್ರಿ.”

“ನಡಿ, ಮೊದಲ ಮನಿ ಮುಟ್ಟೂಣು.”

ಮನೆಯಲ್ಲಿ ಗಂಟೆ ಜಗಲಿಯ ಮೇಲೇ ಇತ್ತು. ಏರಿಸಿದ ಹೂವು ಕೂಡ ಜಾರಿರಲಿಲ್ಲ. ಗಂಟೆ ಮುಟ್ಟಿದಿರೇನು ಎಂದು ಅತ್ತೆಯನ್ನು ಕೇಳಿದೆ.

“ದೇವರ ಮುಂದಿಂದು ನಾ ಯಾಕ ಮುಟ್ಟಲೆವ್ವಾ? ಕರ ಹೋರಿನೋ ಆಕಳೋ, ಮೊದಲ ಅದನ್ನ ಹೇಳು,” ಎಂದರು.

ಬೇರೆಯವರ ದನವಿರಬಹುದು ಎಂದು ಇವರು ಒಮ್ಮೆ ಅಂದರು. ಗುಡ್ಡದಲ್ಲಿ ಬೇರೆ ದನವಿರಲಿಲ್ಲ, ಆ ಸೀಳು ಸದ್ದು ಬೇರೆ ಯಾವ ಗಂಟೆಗೂ ಇಲ್ಲ. ಎರಡನೇ ಸಲ ಅವರೂ ಅನ್ನಲಿಲ್ಲ. ಆ ಕರುವಿನ ಮೊಮ್ಮಕ್ಕಳು ಈಗ ನಮ್ಮ ಕೊಟ್ಟಿಗೆಯಲ್ಲಿವೆ. ಅಮಾವಾಸ್ಯೆಗೆ ಈಗಲೂ ಗಂಟೆ ಬಿಚ್ಚುತ್ತೇನೆ, ದನಗಳನ್ನು ಅದೇ ಗುಡ್ಡಕ್ಕೆ ಬಿಡುತ್ತೇನೆ. ಯಾಕೋ ಹೆದರಿಕೆಯಾಗುವುದಿಲ್ಲ. ಅಂದು ಕೇಳಿಸಿದ್ದು ಏನೆಂದು ಮಾತ್ರ ಇವತ್ತಿಗೂ ತಿಳಿದಿಲ್ಲ.

ಆ ರಾತ್ರಿ ತಣ್ಣಗಿನ ಹೋಳಿಗೆಗೆ ತುಪ್ಪ ಹಾಕಿಕೊಂಡು, ಕಟ್ಟಿನ ಸಾರು ಬಿಸಿ ಮಾಡಿ, ಕೊಟ್ಟಿಗೆಯ ಬಾಗಿಲಲ್ಲೇ ಕೂತು ಉಂಡೆವು. ನಮಗಾರಿಗೂ ಕಣ್ಣು ಹತ್ತುವ ಮೊದಲೇ, ಹೊಟ್ಟೆ ತುಂಬ ಕುಡಿದ ಕರು ಕಂಬಳಿಯ ಮೇಲೆ ಮಲಗಿ ನಿದ್ದೆಹೋಯಿತು.