‘ಅಪ್‌ಡೇಟ್ ಬೇಡ’ ಒತ್ತಿದ ಮಂಗಳವಾರ

ಆರ್‌.ಟಿ. ನಗರದ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ಚೀಟಿ ಕೊಡುವ ಟೇಬಲ್ಲು ನನ್ನದು. ಯಾರಿಗೆ ಯಾವ ದಿನ ಮೆಷಿನ್ ಎಂಬುದನ್ನು ಮೇಲಿನ ಮಹಡಿಯ ಸಿಸ್ಟರ್ ತಮ್ಮ ಎಕ್ಸೆಲ್ ಫೈಲಿನಲ್ಲಿ ಹಾಕುತ್ತಾರೆ. ಅದು ನನ್ನ ಫೈಲಿಗೂ ತಾನಾಗಿಯೇ ಬರಲಿ ಎಂದು ಎರಡಕ್ಕೂ ಲಿಂಕ್ ಕೊಟ್ಟವಳು ನಾನೇ. ಎಷ್ಟು ಜಂಬ ಕೊಚ್ಚಿಕೊಂಡಿದ್ದೆ ಅಂತೀರಿ! ಆದರೆ ಫೈಲು ತೆರೆದಾಗಲೆಲ್ಲ, ಲಿಂಕ್ ಅಪ್‌ಡೇಟ್ ಮಾಡಲೇ ಎಂದು ಅದು ಕೇಳುತ್ತಿತ್ತು. ಹೂಂ ಅಂದರೆ ನಮ್ಮ ಹಳೇ ಕಂಪ್ಯೂಟರ್ ಐದು ನಿಮಿಷ ಗರಬಡಿದಂತೆ ಕೂರುತ್ತಿತ್ತು. ಬೆಳಗಿನ ರಶ್ಶಿನಲ್ಲಿ ಯಾರಿಗೆ ಬೇಕು ಆ ರಗಳೆ? ‘ಬೇಡ’ ಒತ್ತಿಬಿಡುತ್ತಿದ್ದೆ. ಆಗ ಹಳೆಯ ಪಟ್ಟಿಯೇ ಕಾಣುತ್ತಿತ್ತು. ದಿನಗಳು ಬದಲಾಗುವುದು ಅಪರೂಪ, ಹೇಗೋ ನಡೆದುಕೊಂಡು ಹೋಗಿತ್ತು.

ಚಿಕ್ಕಜಾಲದಿಂದ ಎರಡು ಬಸ್ಸು ಹಿಡಿದು ಬರುವ ಒಬ್ಬ ಚಾಚಾ ಇದ್ದಾರೆ. ಆ ಮಂಗಳವಾರ ಅವರು ಬಂದು ನಿಂತಾಗ, ನನ್ನ ಪಟ್ಟಿಯಲ್ಲಿ ಅವರ ದಿನ ಸೋಮವಾರ, ಗುರುವಾರ ಎಂದಿತ್ತು.

“ನಿನ್ನೆ ಬರ್ದೆ ಇವತ್ತು ಬಂದ್ರೆ ಹೆಂಗೆ ಚಾಚಾ?”

“ಹೋದ್ ಗುರುವಾರ ಸಿಸ್ಟರ್ ದಿನ ಬದ್ಲಾಯ್ಸಿದ್ರು ಬೇಟಾ. ಇನ್ಮೇಲೆ ಮಂಗಳವಾರ, ಶುಕ್ರವಾರ ಅಂತ. ನೋಡು, ಗುರುತು ಹಾಕ್ಕೊಂಡಿದೀನಿ.” ಜೇಬಿನಿಂದ ಪುಟ್ಟ ಕ್ಯಾಲೆಂಡರ್ ತೆಗೆದರು.

“ನಿಮ್ ಕ್ಯಾಲೆಂಡರ್ ನಂಬ್ಲಾ, ಕಂಪ್ಯೂಟರ್ ನಂಬ್ಲಾ? ವಯಸ್ಸಾಯ್ತಲ್ಲ, ಮರ್ತೋಗಿದೀರ. ಗುರುವಾರ ಬನ್ನಿ.”

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಥೂ, ನನ್ನ ಬಾಯಿಗಿಷ್ಟು! ಮೇಲಕ್ಕೊಂದು ಫೋನ್ ಮಾಡಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಚೀಟಿಯಿಲ್ಲದೆ ಯಾರನ್ನೂ ಮೇಲೆ ಬಿಡುವುದಿಲ್ಲ, ಚಾಚಾ ಕ್ಯಾಲೆಂಡರನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಸಿಸ್ಟರ್ ಇಳಿದು ಬಂದರು. “ಚಾಚಾ ನಿನ್ನೆ ಯಾಕ್ ಬರ್ಲಿಲ್ಲಮ್ಮ? ಮೆಷಿನ್ ಖಾಲಿ ಇಟ್ಕೊಂಡ್ ಕಾಯ್ತಿದ್ದೆ.”

“ಗೊತ್ತಿಲ್ಲ ಸಿಸ್ಟರ್” ಅಂದೆ. ಅವರು ಹೋದ ಮೇಲೆ ಫೈಲು ಮುಚ್ಚಿ, ಮತ್ತೆ ತೆರೆದು, ಅಪ್‌ಡೇಟ್ ಒತ್ತಿದೆ. ಚಾಚಾ ಹೆಸರಿನ ಮುಂದೆ ಮಂಗಳವಾರ, ಶುಕ್ರವಾರ ಬಂದು ಕೂತಿತು.

ಸಿಸ್ಟರೇ ಫೋನ್ ಮಾಡಿ ಅವರನ್ನು ಕರೆಸಿದರು. ಆರು ದಿನ ಮೆಷಿನ್ ಕಾಣದ ಮೈ. ಪಾದ ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ, ಎರಡು ಮೆಟ್ಟಿಲು ಹತ್ತುವುದರೊಳಗೆ ಏದುಸಿರು. ನನ್ನ ಟೇಬಲ್ಲಿನ ಎದುರೇ ಸಿಸ್ಟರ್ ಅವರನ್ನು ಬೈದರು, “ಜೀವದ್ ಮೇಲೆ ಆಸೆ ಇಲ್ವಾ ನಿಮ್ಗೆ? ನಿನ್ನೆ ಯಾಕ್ರೀ ಬರ್ಲಿಲ್ಲ?”

ಚಾಚಾ ಒಮ್ಮೆ ನನ್ನನ್ನು ನೋಡಿದರು. “ವಯಸ್ಸಾಯ್ತಲ್ಲ ಸಿಸ್ಟರ್, ಮರ್ತೋಯ್ತು” ಅಂದರು. ನಾನಾಡಿದ್ದ ಮಾತೇ. ನನ್ನ ಕೆಲಸ ಉಳಿಸಲು ಹಾಗಂದರೆಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ ನಾನು. ನಾಚಿಕೆಗೆಟ್ಟವಳು.

ಚಾಚಾ ಚೇತರಿಸಿಕೊಂಡರು. ಈಗಲೂ ಮಂಗಳವಾರ, ಶುಕ್ರವಾರ ಬರುತ್ತಾರೆ. ಕ್ಯಾಲೆಂಡರನ್ನು ಮಾತ್ರ ಜೇಬಿನಿಂದ ತೆಗೆಯುವುದಿಲ್ಲ.

“ಇವತ್ತು ನನ್ ದಿನಾನಾ ಬೇಟಾ? ಕಂಪ್ಯೂಟರ್ ನೋಡಿ ಹೇಳು.”

ನಾನು ಅಪ್‌ಡೇಟ್ ಒತ್ತುತ್ತೇನೆ. ಐದು ನಿಮಿಷ ಅವರು ನಿಂತೇ ಕಾಯುತ್ತಾರೆ. “ಹೌದು ಚಾಚಾ, ಇವತ್ತೇ” ಎಂದು ಚೀಟಿ ಕೊಡುತ್ತೇನೆ. ಅವತ್ತೂ ನೀವು ಹೇಳಿದ್ದೇ ಸರಿ ಇತ್ತು ಅನ್ನುವ ಮಾತು ಇಂದಿನವರೆಗೂ ನನ್ನ ಬಾಯಿಂದ ಬಂದಿಲ್ಲ.